ಮರ ಕಡಿಯದೆ ತೂಕ ಹೇಳುವುದು ಹೇಗೆ? ನಮ್ಮ ಹಲಸಿಗೆ 19 ಟನ್ ಬಂತು

ಪ್ರಶ್ನೆ: ಮುಳ್ಳೇರಿಯದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲ ಉಪಜಿಲ್ಲಾ ವಿಜ್ಞಾನ ಮೇಳಕ್ಕೆ ನಮ್ಮ ಒಂಬತ್ತನೇ ತರಗತಿಯವರು ಊರಿನ ಮರಗಳಲ್ಲಿ ಎಷ್ಟು ಇಂಗಾಲ ಇದೆ ಅಂತ ಲೆಕ್ಕ ಹಾಕಲು ಹೊರಟಿದ್ದಾರೆ. ಆಲೋಚನೆ ಅವರದ್ದೇ. ದೇಶದ ಕಾಡುಗಳಲ್ಲಿ ಇಷ್ಟು ಕೋಟಿ ಟನ್ ಇಂಗಾಲ ಇದೆ ಅಂತ ಪತ್ರಿಕೆಯಲ್ಲಿ ಓದಿದ ಒಬ್ಬ ಹುಡುಗಿ, "ಟೀಚರ್, ಅಷ್ಟೂ ಮರವನ್ನು ಯಾರು ತೂಗಿದ್ದು?" ಅಂತ ಕೇಳಿದಳು. ಅಲ್ಲಿಂದ ಶುರು.

ಶಾಲೆಯ ಪಕ್ಕದಲ್ಲಿ ಒಂದು ಮನೆಯವರ ನಾಗಬನ ಇದೆ. ಸುಮಾರು 20 ಸೆಂಟ್ಸ್. ಅದರ ಹಿಂದೆ 12 ಎಕರೆ ಗುಡ್ಡೆ. ಗೇರು, ಕಾಟು ಮಾವು, ಕುರುಚಲು ಪೊದೆ, ಅಲ್ಲಲ್ಲಿ ಬೋಳು ಮುರಕಲ್ಲು. ಮನೆಯವರ ಒಪ್ಪಿಗೆ ತೆಗೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಬನಕ್ಕೆ ಹೋಗಿ ದೊಡ್ಡದಾಗಿ ಕಂಡ 11 ಮರ ಅಳೆದೆವು. ಟೈಲರ್ ಟೇಪು ಸಾಕಾಗಲಿಲ್ಲ, ಹಗ್ಗ ಸುತ್ತಿ ಆಮೇಲೆ ಹಗ್ಗವನ್ನು ಅಳೆದೆವು. ಎತ್ತರಕ್ಕೆ ಕೋನಮಾಪಕ, ನೂಲು, ಕಲ್ಲು ಕಟ್ಟಿ ಮಕ್ಕಳೇ ಒಂದು ಕ್ಲಿನೋಮೀಟರ್ ಮಾಡಿದರು.

ಸೂತ್ರ ನೆಟ್‌ನಲ್ಲಿ ಸಿಕ್ಕಿತು. ಮರದ ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಮೂರನ್ನೂ ಗುಣಿಸಿ, ಅದರ 0.976 ಘಾತ ತೆಗೆದು, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣ ತೂಕ ಕಿಲೋದಲ್ಲಿ ಬರುತ್ತದೆ ಅಂತ ಇತ್ತು. ಸಾಂದ್ರತೆ (ಒಂದು ಘನ ಸೆಂ.ಮೀ. ಮರಕ್ಕೆ ಎಷ್ಟು ಗ್ರಾಂ ಅಂತ) ಎಲ್ಲಾ ಮರಕ್ಕೂ 0.6 ಹಾಕಿದೆವು. ಬನದ ಅಂಚಿನ ಹಲಸಿನ ಮರದ ಅಳತೆ 188 ಸೆಂ.ಮೀ., ಎತ್ತರ 18 ಮೀಟರ್. ಉತ್ತರ 18,870 ಕಿಲೋ ಬಂತು. ಹತ್ತಿರ ಹತ್ತಿರ 19 ಟನ್. 11 ಮರ ಸೇರಿ 90 ಟನ್. ಅದೇ ಲೆಕ್ಕದಲ್ಲಿ ಹಿಂದಿನ ಗುಡ್ಡೆಗೂ ಗುಣಿಸಿದೆವು.

ಮಕ್ಕಳಿಗೆ ಖುಷಿಯೋ ಖುಷಿ. ಚಾರ್ಟು ಬರೆಯಲು ಕೂತರು. ಆದರೆ ಒಬ್ಬ ಹುಡುಗನ ಅಜ್ಜ ಮರ ಕಡಿಯುವ ಕೆಲಸದವರು. ಮೊಮ್ಮಗ ಮನೆಯಲ್ಲಿ ಹೇಳಿದ್ದನ್ನು ಕೇಳಿ ಮರುದಿನ ಶಾಲೆಯ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದು ಹೇಳಿದರು: "ಟೀಚರೇ, ಅಂಥ ಹಲಸು ನಾನು ಎಷ್ಟೋ ಉರುಳಿಸಿದ್ದೇನೆ. ಗೆಲ್ಲು ಸೊಪ್ಪು ಸಮೇತ ತುಂಬಿಸಿದರೂ ಒಂದು ಮಿನಿ ಲಾರಿಗೆ ಬಂದೀತು. 19 ಟನ್ ಆಗಲು ಸಾಧ್ಯ ಇಲ್ಲ."

ಅವರ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಸೂತ್ರ ತಪ್ಪೋ, ನಾವು ತಪ್ಪೋ? ಮೇಳಕ್ಕೆ ಇನ್ನು ಮೂರು ವಾರ ಇದೆ. ತಪ್ಪು ಲೆಕ್ಕ ಹಿಡಿದುಕೊಂಡು ಮಕ್ಕಳನ್ನು ಕಳಿಸಲು ನನಗೆ ಇಷ್ಟ ಇಲ್ಲ. ದೇಶದ ಕಾಡಿನ ಸರ್ವೆಯಲ್ಲಿ ಇದನ್ನು ನಿಜವಾಗಿ ಹೇಗೆ ಮಾಡುತ್ತಾರೆ ಅಂತ ತಿಳಿದವರು ಹೇಳಬೇಕು.

ಉತ್ತರ 1: ಅಡೂರಿನ ನಿವೃತ್ತ ಸರ್ವೆಯವ

ಟೀಚರೇ, ಆ ಅಜ್ಜನ ಮಾತು ಸರಿ. ಸೂತ್ರವೂ ಸರಿ. ಹಗ್ಗ ಸುತ್ತಿ ಸಿಕ್ಕಿದ 188 ಇದೆಯಲ್ಲ, ಅದು ಸುತ್ತಳತೆ. ಸೂತ್ರ ಕೇಳುವುದು ವ್ಯಾಸ. 188ನ್ನು 3.14ರಿಂದ ಭಾಗಿಸಿ, 60 ಸೆಂ.ಮೀ. ಆಯಿತು. ಆ ಅಳತೆ ವರ್ಗವಾಗುವುದರಿಂದ ಉತ್ತರ ಮೂರು ಪಟ್ಟಲ್ಲ, ಒಂಬತ್ತು ಪಟ್ಟಿಗಿಂತಲೂ ಜಾಸ್ತಿ ಉಬ್ಬಿದೆ. ಸರಿಯಾಗಿ ಹಾಕಿದರೆ 2,020 ಕಿಲೋ. ಹಲಸಿನ ಸಾಂದ್ರತೆ 0.6 ಅಲ್ಲ, 0.5ರ ಆಸುಪಾಸು. ಅದನ್ನೂ ತಿದ್ದಿದರೆ 1,690 ಕಿಲೋ. ಇದು ಒಣ ತೂಕ. ಹಸಿ ಮರದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಹಾಗಾಗಿ ಕಡಿದ ದಿನ ಮೂರು, ಮೂರೂವರೆ ಟನ್ ತೂಗೀತು. ಅಜ್ಜನ ಮಿನಿ ಲಾರಿಯ ಲೆಕ್ಕಕ್ಕೆ ಸರಿಯಾಗಿ ಕೂತಿತು, ಅಲ್ವಾ?

ನಾನು ಕೆಲವು ವರ್ಷ ಕಾಡು ಅಳೆಯುವ ತಂಡದ ಜೊತೆ ಟೇಪು ಹಿಡಿದು ತಿರುಗಿದವನು. ನಮಗೆ ಮೊದಲ ದಿನ ಕೊಟ್ಟದ್ದೇ ಎರಡು ಸಾಮಾನು. ಒಂದು ದೊಡ್ಡ ಕ್ಯಾಲಿಪರ್. ಇನ್ನೊಂದು ಡಯಾಮೀಟರ್ ಟೇಪು. ಆ ಟೇಪಿನಲ್ಲಿ ಒಂದು ಸೆಂ.ಮೀ. ಅಂತ ಬರೆದ ಗೆರೆ ನಿಜವಾಗಿ 3.14 ಸೆಂ.ಮೀ. ದೂರದಲ್ಲಿ ಇರುತ್ತದೆ. ಸುತ್ತಿದರೆ ನೇರ ವ್ಯಾಸವೇ ಓದಬಹುದು. ನಿಮ್ಮ ಮಕ್ಕಳು ಒಂದು ಲಾಡಿ ಪಟ್ಟಿ ತೆಗೆದುಕೊಂಡು 3.14ಕ್ಕೆ ಒಂದು ಗೆರೆ ಎಳೆದು ತಾವೇ ಮಾಡಿಕೊಳ್ಳಲಿ. ಇನ್ನು ಆ ತಪ್ಪು ಆಗುವುದಿಲ್ಲ.

ಅಳೆಯುವ ಜಾಗ ಎದೆಮಟ್ಟ. ನಮ್ಮ ದೇಶದಲ್ಲಿ ಅದು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಹೊರದೇಶಗಳಲ್ಲಿ ಹೆಚ್ಚಾಗಿ 1.3. ಮಕ್ಕಳ ಎದೆ ಬೇರೆ ಬೇರೆ ಎತ್ತರದಲ್ಲಿ ಇರುತ್ತದೆ, ಅದಕ್ಕೆ ಒಂದು ಕೋಲು ಕಡಿದು ಗುರುತು ಮಾಡಿಕೊಳ್ಳಿ. ಇಳಿಜಾರಿನಲ್ಲಿ ನಿಂತ ಮರವಾದರೆ ಕೋಲನ್ನು ಗುಡ್ಡೆಯ ಮೇಲಿನ ಬದಿಯಲ್ಲಿ ಊರಬೇಕು. ಬುಡದಲ್ಲಿ ಹಲಗೆಯಂತೆ ಬೇರು ಎದ್ದಿದ್ದರೆ ಅದು ಮುಗಿದ ಮೇಲೆ ಅಳೆಯಬೇಕು. ಗೇರಿನ ಮರದಲ್ಲಿ ಜಾಗ್ರತೆ. ಅದು ಮೊಣಕಾಲಿನ ಹತ್ತಿರವೇ ಕವಲೊಡೆಯುತ್ತದೆ. 1.37ರ ಕೆಳಗೆ ಕವಲಾದರೆ ಪ್ರತಿ ಕವಲೂ ಒಂದೊಂದು ಮರ ಅಂತ ಬರೆಯಬೇಕು. ಮೇಲೆ ಕವಲಾದರೆ ಒಂದೇ ಮರ. 10 ಸೆಂ.ಮೀ.ಗಿಂತ ಕಡಿಮೆ ವ್ಯಾಸದ್ದನ್ನು ಮರದ ಪಟ್ಟಿಗೆ ಸೇರಿಸುವುದಿಲ್ಲ.

ಈಗ ಎರಡನೇ ತಪ್ಪು. ನನಗೆ ಇದು ಮೊದಲನೆಯದ್ದಕ್ಕಿಂತ ದೊಡ್ಡದು. ಬನದಲ್ಲಿ "ದೊಡ್ಡದಾಗಿ ಕಂಡ" 11 ಮರ ಅಂದಿರಿ. 20 ಸೆಂಟ್ಸಿಗೆ 90 ಟನ್ ಅಂದರೆ ಹೆಕ್ಟೇರಿಗೆ 1,100 ಟನ್ ದಾಟುತ್ತದೆ. ಘಟ್ಟದ ಒಳ್ಳೆಯ ನಿತ್ಯಹರಿದ್ವರ್ಣ ಕಾಡಿನಲ್ಲೂ ಹೆಕ್ಟೇರಿಗೆ ಕೆಲವು ನೂರು ಟನ್ ಇರುತ್ತದೆ, ಅಷ್ಟೇ. ಸುತ್ತಳತೆಯ ತಪ್ಪು ತಿದ್ದಿದ ಮೇಲೂ ಬನದ ಲೆಕ್ಕವನ್ನು ಗುಡ್ಡೆಗೆ ಗುಣಿಸಬಾರದು. ಬನವನ್ನು ಅಜ್ಜಂದಿರು ನೂರಾರು ವರ್ಷ ಕತ್ತಿ ತಾಗಿಸದೆ ಉಳಿಸಿದ್ದಾರೆ. ಗುಡ್ಡೆ ಹಾಗಲ್ಲ. ಸೌದೆಗೆ, ಸೊಪ್ಪಿಗೆ ಎಲ್ಲರೂ ಹೋದ ಜಾಗ ಅದು.

ಸರ್ವೆಯಲ್ಲಿ ಜಾಗ ಆರಿಸುವುದು ನಾವಲ್ಲ. ನಕ್ಷೆಯ ಮೇಲೆ ಚೌಕ ಹಾಕಿ ಬಿಂದು ಗುರುತಿಸಿ ಕೊಡುತ್ತಾರೆ. ನಾವು ಜಿಪಿಎಸ್ ಹಿಡಿದು ಅಲ್ಲಿಗೆ ಹೋಗಬೇಕು. ಬಿಂದು ಮುಳ್ಳಿನ ಪೊದೆಯಲ್ಲಿ ಬಿದ್ದರೆ ಮುಳ್ಳಿನ ಪೊದೆ. ಬೋಳು ಬಂಡೆಯ ಮೇಲೆ ಬಿದ್ದರೆ ಸೊನ್ನೆ ಅಂತ ಬರೆದು ಬರಬೇಕು. ಹತ್ತು ಹೆಜ್ಜೆ ಆಚೆ ಒಳ್ಳೆ ಮರ ಇದೆ ಅಂತ ಸರಿದರೆ ಇಡೀ ಸರ್ವೆ ಹಾಳು. ನಮ್ಮ ಕಾಲದಲ್ಲಿ 0.1 ಹೆಕ್ಟೇರಿನ ಚೌಕ, 31.62 ಮೀಟರಿನ ನಾಲ್ಕು ಬದಿ. ಒಳಗಿನ ಒಟ್ಟು ತೂಕವನ್ನು ಹತ್ತರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ಆ 31.62 ಮಟ್ಟಸ ದೂರ. 20 ಡಿಗ್ರಿ ಇಳಿಜಾರಿದ್ದರೆ ನೆಲದ ಮೇಲೆ 33.65 ಮೀಟರ್ ಎಳೆಯಬೇಕಾಗುತ್ತಿತ್ತು. ಮಳೆಗಾಲ ಮುಗಿದ ಕೂಡಲೇ ಜಾರುವ ಗುಡ್ಡೆಯಲ್ಲಿ ಆ ಎರಡು ಮೀಟರಿಗಾಗಿ ಮತ್ತೆ ಹತ್ತಿ ಇಳಿದದ್ದು ನನ್ನ ಕಾಲಿಗೆ ಈಗಲೂ ನೆನಪಿದೆ.

ಮಧ್ಯದಲ್ಲಿ 30 ಸೆಂ.ಮೀ. ಆಳದ ಗುಂಡಿ ತೆಗೆದು ಮಣ್ಣೂ ತುಂಬಿಸಿಕೊಳ್ಳುತ್ತಿದ್ದೆವು. ಮೇಲಿನ ತರಗೆಲೆ ಬೇರೆ ಚೀಲಕ್ಕೆ. ದೇಶದ ಕಾಡಿನ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮಣ್ಣಿನಲ್ಲಿಯೇ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ, ಮರ ಮಾತ್ರ ನೋಡಿ ಬರಬಾರದು.

ಉತ್ತರ 2: ಬದಿಯಡ್ಕದ ಸಂಶೋಧನಾ ವಿದ್ಯಾರ್ಥಿ

ಅಡೂರಿನ ಮಾಷ್ ಹೇಳಿದ್ದು ಸರ್ವೆಯ ಹಳೆಯ ವಿನ್ಯಾಸ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ 2016ರಿಂದ ಅದನ್ನು ಬದಲಿಸಿತು. ಮೊದಲು ದೇಶವನ್ನು 14 ಭೂಪ್ರದೇಶಗಳಾಗಿ ವಿಂಗಡಿಸಿ, ಎರಡು ವರ್ಷಕ್ಕೆ ಸುಮಾರು 60 ಜಿಲ್ಲೆ ಆರಿಸುತ್ತಿದ್ದರು. ಈಗ ಇಡೀ ದೇಶದ ಮೇಲೆ 5 ಕಿ.ಮೀ.ಗೆ 5 ಕಿ.ಮೀ. ಚೌಕದ ಬಲೆ. ಐದು ವರ್ಷಕ್ಕೆ ಒಂದು ಸುತ್ತು. ದೊಡ್ಡ ಚೌಕದ ಬದಲು 8 ಮೀಟರ್ ತ್ರಿಜ್ಯದ ನಾಲ್ಕು ವೃತ್ತ. ಒಂದು ನಡುವೆ, ಉಳಿದ ಮೂರು ಅದರಿಂದ 40 ಮೀಟರ್ ದೂರದಲ್ಲಿ ಮೂರು ದಿಕ್ಕಿಗೆ. ಟೀಚರ್, ನಿಮ್ಮ ಮಕ್ಕಳಿಗೆ ಇದೇ ಸುಲಭ. ಗೂಟಕ್ಕೆ 8 ಮೀಟರಿನ ಹಗ್ಗ ಕಟ್ಟಿ ಸುತ್ತು ಬಂದರೆ ಸಾಕು. ನಾಲ್ಕೂ ಸೇರಿ 804 ಚದರ ಮೀಟರ್ ಆಗುತ್ತದೆ.

ನಿಮಗೆ ಸಿಕ್ಕಿದ ಸೂತ್ರ 2014ರದ್ದು. ಉಷ್ಣವಲಯದ 58 ಕಡೆ ನಿಜವಾಗಿ ಕಡಿದು ತೂಗಿದ 4,004 ಮರಗಳಿಂದ ಮಾಡಿದ್ದು. ಹುಡುಗಿ ಕೇಳಿದಳಲ್ಲ, ಯಾರು ತೂಗಿದ್ದು ಅಂತ? ಯಾರೋ ಎಲ್ಲೋ ತೂಗಿದ್ದಾರೆ. ಕಾಂಡ, ಗೆಲ್ಲು, ಎಲೆ ಬೇರೆ ಬೇರೆ ಮಾಡಿ, ಬಿಲ್ಲೆ ಕೊಯ್ದು, ತೂಕ ಇಳಿಯುವುದು ನಿಲ್ಲುವವರೆಗೆ ಓವನ್‌ನಲ್ಲಿ ಒಣಗಿಸಿ. ನಾನು ಅಂಥ ಒಂದು ಕೆಲಸಕ್ಕೆ ಸಹಾಯಕ್ಕೆ ಹೋಗಿದ್ದೆ. ಒಂದು ಮರ ಮುಗಿಸಲು ನಾಲ್ಕು ಜನಕ್ಕೆ ಇಡೀ ದಿನ ಬೇಕಾಯಿತು. ಎಲೆಯ ಚೀಲ ಸಂಜೆ ತೂಗುವಾಗ ಬೆಳಿಗ್ಗೆಗಿಂತ ಹಗುರ. ಅದಕ್ಕೇ ಹಸಿ ತೂಕ ಅಲ್ಲೇ ಕಾಡಿನಲ್ಲೇ ತೆಗೆಯಬೇಕು.

ಆದರೆ ದೇಶದ ವರದಿಗೆ ಈ ಒಂದೇ ಸೂತ್ರ ಬಳಸುವುದಿಲ್ಲ. ಜಾತಿಗೊಂದರಂತೆ, ಪ್ರದೇಶಕ್ಕೊಂದರಂತೆ ಕಾಂಡದ ಗಾತ್ರದ ಸಮೀಕರಣಗಳಿವೆ. 1965ರಲ್ಲಿ ಶುರುವಾದ ಅರಣ್ಯ ಸಂಪನ್ಮೂಲದ ಸರ್ವೆಯೇ 1981ರಲ್ಲಿ ಈ ಸಂಸ್ಥೆ ಆಯಿತು. ಸಮೀಕರಣ ಕೂಡಿಡುವ ಕೆಲಸ ಆಗಿನಿಂದಲೇ ನಡೆದಿದೆ. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ ತೂಕ, ಅದಕ್ಕೆ ಗೆಲ್ಲು, ಎಲೆ, ಬೇರಿನ ಪಾಲು ಸೇರಿಸುತ್ತಾರೆ.

ಸಾಂದ್ರತೆ ಎಷ್ಟು ಮುಖ್ಯ ಅಂತ ಮಕ್ಕಳಿಗೆ ತೋರಿಸಲು ಹಾಲೆ ಮರ ಹಿಡಿಯಿರಿ. ಆಟಿ ಅಮಾವಾಸ್ಯೆಗೆ ಕೆತ್ತೆಯ ಕಷಾಯ ಕುಡಿಯುತ್ತೇವಲ್ಲ, ಅದೇ. ಅದರ ಮರ ತುಂಬ ಹಗುರ, ಹಿಂದೆ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದರು. ಅದರ ಶಾಸ್ತ್ರೀಯ ಹೆಸರಿನಲ್ಲಿರುವ 'ಸ್ಕಾಲಾರಿಸ್' ಬಂದದ್ದೂ ಹಾಗೆಯೇ. 40 ಸೆಂ.ಮೀ. ವ್ಯಾಸ, 16 ಮೀಟರ್ ಎತ್ತರದ ಹಾಲೆಗೆ 0.36 ಹಾಕಿದರೆ ಸುಮಾರು 500 ಕಿಲೋ. ಅದೇ ಅಳತೆಯ ಮತ್ತಿ ಮರಕ್ಕೆ 0.72 ಹಾಕಿದರೆ 980. ಎಲ್ಲಕ್ಕೂ 0.6 ಅಂತ ಹಾಕಿದರೆ ಹಾಲೆಗೆ 300 ಕಿಲೋಗಿಂತ ಜಾಸ್ತಿ ಸುಮ್ನೆ ಸೇರಿಹೋಗುತ್ತದೆ.

ಇನ್ನೊಂದು ಮಾತು. ಎಲ್ಲಾ ಸರಿಯಾಗಿ ಅಳೆದರೂ ಒಂದೊಂದು ಮರಕ್ಕೆ ಈ ಸೂತ್ರ ಮೂರನೇ ಒಂದು ಪಾಲಿನಷ್ಟು ಆಚೆ ಈಚೆ ಆಗುತ್ತದೆ. ನೂರಾರು ಮರ ಸೇರಿದಾಗ ಹೆಚ್ಚು ಕಡಿಮೆ ಒಂದಕ್ಕೊಂದು ಸರಿಹೋಗುತ್ತದೆ. ಹಾಗಾಗಿ ಚಾರ್ಟಿನಲ್ಲಿ "ಈ ಹಲಸು 1,691 ಕಿಲೋ" ಅಂತ ಬರೆಯಬೇಡಿ. ಸುಮಾರು 1.7 ಟನ್ ಅನ್ನಿ. ಒಣ ತೂಕವನ್ನು 0.47ರಿಂದ ಗುಣಿಸಿದರೆ ಇಂಗಾಲ, ಸುಮಾರು 800 ಕಿಲೋ. ಅದನ್ನು 3.67ರಿಂದ ಗುಣಿಸಿದರೆ ಗಾಳಿಯಿಂದ ಎಳೆದುಕೊಂಡ ಇಂಗಾಲದ ಡೈಆಕ್ಸೈಡ್, ಸುಮಾರು 2.9 ಟನ್. ಬೇರನ್ನು ಸೇರಿಸುವುದಾದರೆ ನಮ್ಮ ಕಡೆಯ ಕಾಡಿಗೆ ಮೇಲಿನ ತೂಕದ ಸುಮಾರು ಕಾಲು ಪಾಲು.

ಉತ್ತರ 3: ಪೆರ್ಲದ ಅಡಿಕೆ ಕೃಷಿಕ

ಓದಿ ಖುಷಿಯಾಯಿತು. ನಮ್ಮ ತೋಟದ ಅಡಿಕೆ ಮರಕ್ಕೂ ಇದೇ ಸೂತ್ರ ಆಗುತ್ತದಾ? ಯಾಕೆ ಕೇಳಿದೆ ಅಂದರೆ, ಕಳೆದ ವರ್ಷ ಒಬ್ಬರು ಬಂದು ತೋಟದ ಇಂಗಾಲಕ್ಕೆ ಎಕರೆ ಲೆಕ್ಕದಲ್ಲಿ ದುಡ್ಡು ಬರುತ್ತದೆ, ಮೊದಲು ನೋಂದಣಿಗೆ ಹಣ ಕಟ್ಟಿ ಅಂದರು. ನಮ್ಮ ಬೈಲಿನಲ್ಲಿ ಮೂವರು ಕಟ್ಟಿದ್ದಾರೆ. ಇದುವರೆಗೆ ಯಾರೂ ತೋಟಕ್ಕೆ ಬಂದು ಒಂದು ಮರ ಅಳೆದಿಲ್ಲ.

ಉತ್ತರ 4: ಬದಿಯಡ್ಕದ ಸಂಶೋಧನಾ ವಿದ್ಯಾರ್ಥಿ

ಅಣ್ಣಾ, ಅಡಿಕೆ, ತೆಂಗಿಗೆ ಈ ಸೂತ್ರ ಬೇಡ. ಮಾವು, ಹಲಸು ವರ್ಷ ವರ್ಷ ದಪ್ಪ ಆಗುತ್ತಾ ಹೋಗುತ್ತವೆ. ಅಡಿಕೆಯ ಕಾಂಡ ಒಮ್ಮೆ ಎದ್ದ ಮೇಲೆ ಎತ್ತರಕ್ಕೆ ಮಾತ್ರ ಹೋಗುತ್ತದೆ. ನಿಮ್ಮ 10 ವರ್ಷದ ಮರಕ್ಕೂ 40 ವರ್ಷದ ಮರಕ್ಕೂ ಟೇಪು ಸುತ್ತಿ ನೋಡಿ, ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗದು. ಅದಕ್ಕೆ ಎತ್ತರ ಆಧಾರದ ಬೇರೆ ಸಮೀಕರಣ ಬೇಕು.

ದುಡ್ಡಿನ ವಿಷಯ: ಈಗಾಗಲೇ ನಿಂತಿರುವ ಮರಕ್ಕೆ ಬೆಲೆ ಇಲ್ಲ. ನೀವು ಹೊಸದಾಗಿ ಮಾಡಿದ ಕೆಲಸದಿಂದ ಮುಂದೆ ಎಷ್ಟು ಜಾಸ್ತಿ ಸೇರಿತು ಅನ್ನುವುದಕ್ಕೆ ಮಾತ್ರ. ಜಾಸ್ತಿ ಅಂತ ಹೇಳಬೇಕಾದರೆ ಇವತ್ತು ಎಷ್ಟಿದೆ ಅಂತ ಅಳೆದಿರಬೇಕು. ಟೇಪು ಹಿಡಿಯದೆ ದುಡ್ಡು ಕೇಳುವವರಿಗೆ ಒಂದು ಪೈಸೆ ಕೊಡಬೇಡಿ. ಕಟ್ಟಿದ ಮೂವರಿಗೂ ರಸೀದಿ ತೆಗೆದಿಟ್ಟುಕೊಳ್ಳಲು ಹೇಳಿ.

ಇದರ ಜೊತೆ ಇನ್ನೊಂದು ತಿಳಿದಿರಲಿ. ಅರಣ್ಯ ಸ್ಥಿತಿ ವರದಿಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಮರದ ನೆರಳು ಶೇಕಡಾ 10 ದಾಟಿದರೆ ಅದು ಅರಣ್ಯ ಹೊದಿಕೆ. ಜಾಗ ಯಾರದ್ದು, ಮರ ಯಾವುದು ಅಂತ ನೋಡುವುದಿಲ್ಲ. ನಮ್ಮ ಜಿಲ್ಲೆಯ ರಬ್ಬರು, ಗೇರು, ತೆಂಗು ಎಲ್ಲಾ ಅದರೊಳಗೆ ಬರುತ್ತವೆ. ಹಸಿರು ಜಾಸ್ತಿಯಾಯಿತು ಅಂತ ಓದಿದಾಗ ಕಾಡು ಜಾಸ್ತಿಯಾಯಿತು ಅಂತ ತಿಳಿಯಬಾರದು. ನನಗೆ ಇದು ತುಂಬ ಬೇಸರದ ವಿಷಯ. ಕಾರಡ್ಕದ ಕಾಡಿನ ಒಂದು ಹೆಕ್ಟೇರೂ, ಒಂದು ಹೆಕ್ಟೇರು ರಬ್ಬರೂ ನಕ್ಷೆಯಲ್ಲಿ ಒಂದೇ ಬಣ್ಣ. ಇಂಗಾಲ ಎಷ್ಟಿದೆ ಅಂತ ಮೇಲಿನಿಂದ ನೋಡಿದ್ದರಲ್ಲೇ ಹೇಳಲು ಆಗುವುದಿಲ್ಲ. 2025ರ ಜುಲೈಯಲ್ಲಿ ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹದ ರಾಡಾರಿಗೂ ಹೋಲಿಸಿ ನೋಡಲು ನೆಲದ ಮೇಲೆ ಅಳೆದ ಮರಗಳ ಲೆಕ್ಕ ಬೇಕು.

ಮುಳ್ಳೇರಿಯದ ಟೀಚರ್

ಎರಡು ಶನಿವಾರ ಆಯಿತು. ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ಮೊದಲು ಅಜ್ಜನನ್ನು ಶಾಲೆಗೆ ಕರೆದೆವು. ಅವರು ಬಂದು ಬೆಂಚಿನ ಮೇಲೆ ಕೂತು ಮರ ಅಳೆಯುವ ತಮ್ಮ ಲೆಕ್ಕ ಹೇಳಿದರು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಅದರ ವರ್ಗಕ್ಕೆ ಉದ್ದ ಗುಣಿಸುವುದು. ಮರದ ಮಿಲ್ಲಿನಲ್ಲಿ ಅದೇ ಕ್ರಮ ಅಂತೆ. ಮಕ್ಕಳು ವೃತ್ತದ ಸೂತ್ರದ ಜೊತೆ ಹೋಲಿಸಿ ನೋಡಿದರು. ಅಜ್ಜನ ಲೆಕ್ಕದಲ್ಲಿ ನಿಜವಾದ ಗಾತ್ರದ ಶೇಕಡಾ 78.5 ಮಾತ್ರ ಬರುತ್ತದೆ. "ಸಿಪ್ಪೆಗೂ ಬದಿ ಹಲಗೆಗೂ ಬಿಡುವ ಲೆಕ್ಕ ಅದು," ಅಂತ ಅಜ್ಜ ಅಂದರು. ಗಣಿತದ ಟೀಚರ್ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

ಲಾಡಿ ಪಟ್ಟಿಯ ಟೇಪು ಮಾಡಿದೆವು. ಗುಡ್ಡೆಯ ನಕ್ಷೆಗೆ ಚೌಕ ಹಾಕಿ, ಚೌಕದ ನಂಬರು ಚೀಟಿಯಲ್ಲಿ ಬರೆದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಂದು ಚೀಟಿ ಎತ್ತಿದೆವು. ಅಲ್ಲಿ ನಡು ಗೂಟ. ಉಳಿದ ಮೂರು 40 ಮೀಟರ್ ದೂರದಲ್ಲಿ. ಮೊದಲ ವೃತ್ತದಲ್ಲಿ 9 ಮರ. ಎರಡನೆಯದ್ದು ಪೂರ್ತಿ ಬೋಳು ಮುರಕಲ್ಲಿನ ಮೇಲೆ ಬಿತ್ತು. ಬಿಸಿಲಿಗೆ ಕಲ್ಲು ಸುಡುತ್ತಿತ್ತು. ಒಣ ಹುಲ್ಲು ಬಿಟ್ಟರೆ ಏನೂ ಇಲ್ಲ. ಇಬ್ಬರು ಹುಡುಗರು ಗೂಟವನ್ನು ಕೆಳಗಿನ ಮಾವಿನ ಮರದ ಹತ್ತಿರಕ್ಕೆ ಒಯ್ಯೋಣ ಅಂತ ಹಟ ಹಿಡಿದರು. ಆಗ ಆ ಮೊದಲ ಪ್ರಶ್ನೆ ಕೇಳಿದ ಹುಡುಗಿಯೇ ಪುಸ್ತಕ ತೆಗೆದು, ಎರಡನೇ ಸಾಲಿನಲ್ಲಿ ದೊಡ್ಡದಾಗಿ 0 ಬರೆದು, ಕೆಳಗೆ ಗೆರೆ ಎಳೆದಳು. ಮೂರನೆಯದ್ದರಲ್ಲಿ 6, ನಾಲ್ಕನೆಯದ್ದರಲ್ಲಿ 8. ಒಟ್ಟು 23 ಮರ. ಜಾತಿಗೆ ತಕ್ಕ ಸಾಂದ್ರತೆ ಹಾಕಿದಾಗ 6.1 ಟನ್. ಹೆಕ್ಟೇರಿಗೆ ಸುಮಾರು 76 ಟನ್ ಒಣ ತೂಕ, ಇಂಗಾಲ ಸುಮಾರು 36 ಟನ್. ನಾಲ್ಕು ವೃತ್ತ ಮಾತ್ರ ಅಂತ ಚಾರ್ಟಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ. ಮೇಳದ ಮೊದಲು ಇನ್ನೊಂದು ಚೀಟಿ ಎತ್ತುವ ಆಸೆ ಇದೆ.

ಬನದ ಲೆಕ್ಕ ಬೇರೆಯೇ ಇಟ್ಟಿದ್ದೇವೆ, ಗುಡ್ಡೆಗೆ ಸೇರಿಸಿಲ್ಲ. ಅಲ್ಲಿ ಒಂದು ಸಮಸ್ಯೆ. ದೊಡ್ಡ ಧೂಪದ ಮರದ ಬುಡದಲ್ಲಿ ಪೊಟರೆ ಇದೆ. ಒಳಗೆ ಒಬ್ಬ ಮಗು ಕೂರುವಷ್ಟು ಜಾಗ. ಮೇಲೆ ಎಲ್ಲಿಯವರೆಗೆ ಟೊಳ್ಳು ಅಂತ ಗೊತ್ತಾಗುತ್ತಿಲ್ಲ. ಸೂತ್ರ ಅದನ್ನು ಗಟ್ಟಿ ಮರ ಅಂತಲೇ ತಿಳಿಯುತ್ತದೆ ಅಲ್ವಾ? ಏನು ಮಾಡಲಿ ಮಾಷೆ?

ಅಡೂರಿನ ನಿವೃತ್ತ ಸರ್ವೆಯವ

ಆ ಸೊನ್ನೆ ಬರೆದ ಮಗುವಿಗೆ ನನ್ನ ಲೆಕ್ಕದಲ್ಲಿ ಒಂದು ಪೆನ್ನು ಕೊಡಿ ಟೀಚರೇ. ಮುಂದಿನ ವಾರ ಮುಳ್ಳೇರಿಯಕ್ಕೆ ಬರುವಾಗ ನಾನೇ ತರುತ್ತೇನೆ.

ಧೂಪಕ್ಕೆ ಅಳತೆ ಇದ್ದ ಹಾಗೆ ಬರೆಯಿರಿ, ಪಕ್ಕದ ಷರಾ ಕಾಲಮಿನಲ್ಲಿ "ಪೊಟರೆ ಇದೆ" ಅಂತ ಸೇರಿಸಿ. ಗಾತ್ರವನ್ನು ಅಂದಾಜಿನಲ್ಲಿ ಕಳೆಯಲು ಹೋಗಬೇಡಿ. ನಾಗನ ಮರ ಆದ್ದರಿಂದ ಕತ್ತಿಯ ಹಿಂಬದಿಯಿಂದ ತಟ್ಟಿ ನೋಡುವುದೂ ಬೇಡ. ಮನೆಯವರ ಒಪ್ಪಿಗೆ ಇದ್ದರೆ ಅಂಗೈಯಿಂದ ಮೆಲ್ಲ ತಟ್ಟುತ್ತಾ ಕಿವಿ ಇಟ್ಟು ಕೇಳಿ. ಟೊಳ್ಳು ಇರುವಲ್ಲಿ ಶಬ್ದ ಡೋಲಿನ ಹಾಗೆ ತೆರೆದುಕೊಳ್ಳುತ್ತದೆ. ಶಬ್ದ ಎಷ್ಟು ಎತ್ತರದಲ್ಲಿ ಬದಲಾಯಿತು ಅಂತ ಅದೇ ಕಾಲಮಿನಲ್ಲಿ ಬರೆದಿಡಿ.